ಜೆಸಿಬಿ ಇಳಿಯುವ ಮೊದಲು ಒಂದು ದಿನ ಕೊಡಿ: ಯಾದಗಿರಿ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಅಧಿಕಾರಿಗಳಿಗೆ ನಮಸ್ಕಾರ. ಹುಣಸಗಿ, ಸುರಪುರ ಕಡೆಯ ನಮ್ಮ ರೈತರೂ ಓದಲಿ ಅಂತ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಂತ ಕೂಡಲೇ ನಮ್ಮ ಕಡೆ ಹೊಲಗಳಿಗೆ ಜೆಸಿಬಿ ಇಳಿಯುತ್ತವೆ. ಏರುತಗ್ಗು ಇದ್ದ ಹೊಲ ಸಮ ಆಗಿ ಗದ್ದೆ ಆಗುತ್ತದೆ. ರಸ್ತೆಗೆ ಗರಸು ಬೇಕು, ಅದಕ್ಕೊಂದು ಗುಂಡಿ ಬೀಳುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕೃಷಿ ಹೊಂಡ, ಬದು, ಕೆರೆ ಹೂಳು. ಇದ್ಯಾವುದೂ ಬೇಡ ಅನ್ನೋಕೆ ನಾನು ಪೆನ್ನು ಹಿಡಿದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಬರುವ ಮುಂಚೆ ಈ ಸೀಮೆಯ ಬದುಕು ಹೇಗಿತ್ತು ಅಂತ ಮನೆಯ ಹಿರಿಯರ ಬಾಯಲ್ಲಿ ಕೇಳಿಯೇ ಬೆಳೆದವನು ನಾನು. ನಾನು ಕೇಳೋದು ಇಷ್ಟೇ. ಜೆಸಿಬಿ ಇಳಿಯುವ ಮೊದಲು, ಕಲ್ಲಿನ ಉಪಕರಣ ಗುರುತಿಸಬಲ್ಲ ಒಬ್ಬರು ಆ ಜಾಗದಲ್ಲಿ ಒಂದು ದಿನ ಓಡಾಡಲಿ. ಕಂಡದ್ದನ್ನು ಕಂಡ ಜಾಗದಲ್ಲೇ ಗುರುತು ಹಾಕಿಕೊಳ್ಳಲಿ. ಆಮೇಲೆ ಕೆಲಸ ನಡೆಯಲಿ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಜಿಲ್ಲೆಗೆ ಹೊಸದಾಗಿ ಬರುವ ಅಧಿಕಾರಿಗಳಿಗೆ ಇದನ್ನು ಯಾರೂ ಹೇಳಿರೋದಿಲ್ಲ. ನಮ್ಮ ಊರಿನವರಿಗೇ ಜಾಸ್ತಿ ಗೊತ್ತಿಲ್ಲ.

ಹುಣಸಗಿ ಮತ್ತು ಬೈಚಬಾಳ, ಇವೆರಡು ಅಕ್ಕಪಕ್ಕದ ಕಣಿವೆಗಳು. ಸುತ್ತ ತಗ್ಗು ಗುಡ್ಡಗಳು, ನಡುವೆ ಎರೆಭೂಮಿ. ಎರಡೂ ಸೇರಿ ಸುಮಾರು 500 ಚದರ ಕಿಲೋಮೀಟರ್. ಇಷ್ಟು ಜಾಗದಲ್ಲಿ ಹಳೆ ಶಿಲಾಯುಗದ ಜನ ಇದ್ದು ಹೋದ ಸುಮಾರು 200 ನೆಲೆಗಳು ಸಿಕ್ಕಿವೆ. ಅಶ್ಯೂಲಿಯನ್ ಅಂತ ಕರೆಯುವ, ಕೈಗೊಡಲಿ (ಹಿಡಿಕೆ ಇಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲಿನ ಉಪಕರಣ) ಮಾಡುತ್ತಿದ್ದ ಕಾಲದ ನೆಲೆಗಳು ಇವು. ಬೇಸಾಯ ಇಲ್ಲ, ಮಡಕೆ ಇಲ್ಲ, ಸಾಕಿದ ದನ ಇಲ್ಲ. ಬೇಟೆ ಸಿಕ್ಕರೆ ಬೇಟೆ, ಇಲ್ಲದಿದ್ದರೆ ಗೆಡ್ಡೆ, ಹಣ್ಣು, ಸೊಪ್ಪು. ಇಂಥ ಬದುಕಿನ ಗುರುತುಗಳು ಒಂದೇ ಕಣಿವೆಯಲ್ಲಿ ಇಷ್ಟು ಒತ್ತೊತ್ತಾಗಿ ಉಳಿದಿರುವ ಜಾಗ ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ನಮ್ಮ ಸೀಮೆಗೂ ಹಳೆಯ ಕಲ್ಲುಗಳಿಗೂ ನಂಟು ಬಹಳ ದಿನದ್ದು. ಕೃಷ್ಣೆಯ ಆಚೆ ದಂಡೆಯ ಲಿಂಗಸುಗೂರಿನಲ್ಲಿ ಡಾಕ್ಟರ್ ಪ್ರಿಮ್ರೋಸ್ ಎಂಬುವವರಿಗೆ ಕಲ್ಲಿನ ಉಪಕರಣಗಳು ಸಿಕ್ಕಿದ್ದು 1842ರಲ್ಲಿ. ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತ ಹೆಸರಾದ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ತಮ್ಮ ಮೊದಲ ಕೈಗೊಡಲಿ ಹೆಕ್ಕಿದ್ದು 1863ರಲ್ಲಿ, ಅಂದರೆ ಇಪ್ಪತ್ತೊಂದು ವರ್ಷ ಆದ ಮೇಲೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ಭಾಗದ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿ ನೋಡಿದವರು. ಅವರ ಹೆಸರಿನ ಬಂಗಲೆ ನಮ್ಮವರಿಗೆಲ್ಲ ಗೊತ್ತು. ಅವರು ಹುಡುಕುತ್ತಿದ್ದ ಸಮಾಧಿಗಳಿಗಿಂತ ಲಕ್ಷಗಟ್ಟಲೆ ವರ್ಷ ಹಳೆಯ ಕಲ್ಲುಗಳ ಮೇಲೆ ಅವರ ಕುದುರೆ ಎಷ್ಟು ಸಲ ಓಡಿತ್ತೋ ಏನೋ.

ಈ ಕಣಿವೆಯನ್ನು ನಿಜಕ್ಕೂ ಓದಿದವರು ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ. 1960ರ ದಶಕದಲ್ಲಿ ಸುರಪುರ ಸೀಮೆಯ ನವಶಿಲಾಯುಗದ ಬಗ್ಗೆ ಸಂಶೋಧನೆ ಮಾಡಲು ಬಂದವರು, ಆಮೇಲೆ ದಶಕಗಳ ಕಾಲ ಇಲ್ಲಿಗೇ ಬರುತ್ತಾ ಹೋದರು. ಅವರಿಗೆ ಪದ್ಮಶ್ರೀಯೂ ಬಂತು. ಅವರ ಕೆಲಸದ ಬಗೆ ನನಗೆ ಇಷ್ಟ ಆಗೋಕೆ ಕಾರಣ ಇದೆ. ಚೆಂದದ ಕಲ್ಲು ಆಯ್ದು ಪೆಟ್ಟಿಗೆಗೆ ಹಾಕುವುದಕ್ಕೆ ಅವರು ಬರಲಿಲ್ಲ. ಈ ಕಲ್ಲು ಇಲ್ಲೇ ಯಾಕೆ ಬಿತ್ತು, ಪಕ್ಕದಲ್ಲಿ ಏನಿದೆ, ನೀರು ಎಷ್ಟು ದೂರ, ಆ ಜನ ಯಾವ ಕಾಲದಲ್ಲಿ ಇಲ್ಲಿಗೆ ಬಂದಿರಬಹುದು ಅಂತ ಕೇಳಿದರು.

ಇಸಾಂಪುರದ ಉದಾಹರಣೆ ಕೊಟ್ಟರೆ ಇದು ಸರಿಯಾಗಿ ಅರ್ಥ ಆಗುತ್ತದೆ.

ಹುಣಸಗಿಗೆ ಹತ್ತಿರದ ಇಸಾಂಪುರದಲ್ಲಿ ನೀರಾವರಿ ಕೆಲಸಕ್ಕೆ ಅಂತ ಮೇಲಿನ ಮಣ್ಣು ತೆಗೆದಿದ್ದರು. ಅದರ ಅಡಿಯಲ್ಲಿದ್ದ ಹಳೆಯ ನೆಲ ಬೆಳಕಿಗೆ ಬಂತು. ಹೌದು, ಮಣ್ಣು ತೆಗೆದದ್ದರಿಂದಲೇ ಇಸಾಂಪುರ ಜಗತ್ತಿಗೆ ಗೊತ್ತಾಯಿತು. ಹಾಗಾಗಿ ಅಭಿವೃದ್ಧಿ ಕೆಲಸಕ್ಕೂ ಪುರಾತತ್ವಕ್ಕೂ ಹುಟ್ಟು ಹಗೆತನ ಇದೆ ಅಂತ ನಾನು ನಂಬೋದಿಲ್ಲ. ಆವತ್ತು ಮಣ್ಣು ತೆಗೆದ ಮೇಲೆ ನೋಡುವ ಕಣ್ಣಿದ್ದವರು ಅಲ್ಲಿಗೆ ಹೋದರು, ಅಷ್ಟೇ. ಹೋಗದೇ ಇದ್ದಿದ್ದರೆ?

1997ರಿಂದ 2001ರವರೆಗೆ ಅಲ್ಲಿ ಉತ್ಖನನ ನಡೆಯಿತು. ಪದ್ದಯ್ಯನವರ ಜೊತೆ ಮೈಕೆಲ್ ಪೆಟ್ರಾಗ್ಲಿಯಾ, ರಿಚಾ ಝಲ್ದಿಯಾಲ್ ಮೊದಲಾದವರು ಕೆಲಸ ಮಾಡಿದರು. ಸಿಕ್ಕಿದ್ದು ಒಂದು ಕಾರ್ಖಾನೆ ಅಂದರೂ ತಪ್ಪಿಲ್ಲ. ಅಲ್ಲಿನ ಬಂಡೆ ಸುಣ್ಣದಕಲ್ಲು. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿ ಫರಸಿಯ ಬಳಗದ್ದೇ. ಬಿಸಿಲಿಗೆ, ಮಳೆಗೆ ಪದರು ಪದರಾಗಿ ತಾನಾಗೇ ಬಿರಿದಿರುತ್ತದೆ. ಆ ಜನ ಬಿರಿದ ಹಲಗೆಗಳನ್ನು ಎಬ್ಬಿಸಿದರು. ಅವುಗಳ ಅಂಚಿಗೆ ಬಸಾಲ್ಟ್, ಕ್ವಾರ್ಟ್‌ಜೈಟ್, ಚರ್ಟ್‌ನ ಗುಂಡುಗಲ್ಲುಗಳಿಂದ ಹೊಡೆದರು. ದೊಡ್ಡ ಚಕ್ಕೆ ಎದ್ದರೆ ಅದನ್ನೇ ತಿರುಗಿಸಿ, ಎರಡೂ ಕಡೆಯಿಂದ ಸಣ್ಣ ಚಕ್ಕೆ ಎಬ್ಬಿಸುತ್ತಾ ಬಂದರೆ ಕೈಗೊಡಲಿ. ಅಗಲವಾದ ಚೂಪು ಬಾಯಿ ಉಳಿಸಿಕೊಂಡರೆ ಕ್ಲೀವರ್. ಇದರ ಜೊತೆಗೆ ಹೆರೆಯುವ ಕಲ್ಲುಗಳು, ಕಡಿಯುವ ಕಲ್ಲುಗಳು.

ಅಲ್ಲಿ ಎಲ್ಲ ಹಂತದ ಕಲ್ಲುಗಳೂ ಇದ್ದವು. ಎಬ್ಬಿಸಿ ಬಿಟ್ಟ ಹಲಗೆ, ಅರ್ಧ ಮಾಡಿ ಕೈಬಿಟ್ಟದ್ದು, ಮುಗಿದದ್ದು, ಹೊಡೆಯುವಾಗ ಸಿಡಿದ ಚೂರು, ಹೊಡೆದ ಗುಂಡುಗಲ್ಲು. ಒಟ್ಟು ಹತ್ತು ಸಾವಿರಕ್ಕೂ ಮೀರಿ ಕಲ್ಲುಗಳು. ಚೂರುಗಳು ಕೆಲವು ಕಡೆ ಗುಂಪು ಗುಂಪಾಗಿ ಬಿದ್ದಿದ್ದವು. ಇಲ್ಲಿ ಒಬ್ಬ ಕೂತಿದ್ದ, ಅಲ್ಲಿ ಇನ್ನೊಬ್ಬ ಕೂತಿದ್ದ ಅಂತ ಹೇಳುವ ಮಟ್ಟಿಗೆ. ಜೊತೆಗೆ ಕಾಡುದನದ ಹಲ್ಲು, ಜಿಂಕೆ ಜಾತಿಯ ಪ್ರಾಣಿಯ ಮೂಳೆ, ಆಮೆಯ ಚಿಪ್ಪಿನ ತುಣುಕು. ಕಾಡುದನದ ಹಲ್ಲನ್ನು ಇಎಸ್‌ಆರ್ ಅನ್ನುವ ವಿಧಾನದಲ್ಲಿ ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಈ ಲೆಕ್ಕ 2001ರಲ್ಲಿ ಪ್ರಕಟವಾಯಿತು.

12 ಲಕ್ಷ ವರ್ಷ ಅಂದರೆ ನಾವು, ಅಂದರೆ ಹೋಮೋ ಸೇಪಿಯನ್ಸ್, ಇನ್ನೂ ಹುಟ್ಟೇ ಇರಲಿಲ್ಲ. ನಮ್ಮ ಪ್ರಭೇದದ್ದು ಅಂತ ಈವರೆಗೆ ಸಿಕ್ಕ ಅತ್ಯಂತ ಹಳೆಯ ಅವಶೇಷ ಮೊರಾಕೊದ್ದು, ಅದಕ್ಕೆ ಸುಮಾರು 3 ಲಕ್ಷ ವರ್ಷ. ಇಸಾಂಪುರದಲ್ಲಿ ಕೂತು ಕಲ್ಲು ಹೊಡೆದವರು ನಮಗಿಂತ ಮುಂಚಿನ ಇನ್ನೊಂದು ಬಗೆಯ ಮನುಷ್ಯರು. ಅವರ ಮೂಳೆ ಇಲ್ಲಿ ಸಿಕ್ಕಿಲ್ಲ. ಅಷ್ಟು ಹಳೆಯ ಮನುಷ್ಯರ ಮೂಳೆ ನಮ್ಮ ದೇಶದಲ್ಲಿ ಸಿಗೋದೇ ಅಪರೂಪ. 1982ರಲ್ಲಿ ಅರುಣ್ ಸೋನಕಿಯಾ ಅವರಿಗೆ ನರ್ಮದಾ ದಂಡೆಯ ಹಥನೋರಾದಲ್ಲಿ ಸಿಕ್ಕ ತಲೆಬುರುಡೆಯ ಭಾಗವನ್ನೇ ಎಲ್ಲರೂ ಇವತ್ತಿಗೂ ಹೇಳುತ್ತಾರೆ. ಮೂಳೆ ಇಲ್ಲದ ಮೇಲೆ ಆ ಜನರ ಬಗ್ಗೆ ನಮಗೆ ಹೇಳೋಕೆ ಉಳಿದಿರೋದು ಕಲ್ಲು ಮಾತ್ರ. ಅದೂ ಬಿದ್ದ ಜಾಗದಲ್ಲೇ ಇರುವ ಕಲ್ಲು.

ಬಿದ್ದ ಜಾಗಕ್ಕೆ ಇಷ್ಟೊಂದು ಬೆಲೆ ಯಾಕೆ ಅಂತ ನೋಡಿ. ನಮ್ಮ ಕಣಿವೆಯ ಗುಡ್ಡದ ಬುಡದಲ್ಲಿ ಕೆಲವು ಕಡೆ ನೀರಿನ ಸೆಲೆಗಳಿವೆ. ದೇವಾಪುರ, ಕಲ್ಲದೇವನಹಳ್ಳಿ, ವಜ್ಜಲ ಕಡೆಯವರಿಗೆ ಇದು ಗೊತ್ತಿರುವ ಮಾತೇ. ಪದ್ದಯ್ಯನವರು ನೆಲೆಗಳನ್ನೆಲ್ಲ ನಕ್ಷೆ ಮೇಲೆ ಗುರುತು ಹಾಕಿ ನೋಡಿದಾಗ, ಕೆಲವು ಇಂಥ ಸೆಲೆಗಳ ಸುತ್ತಮುತ್ತ ಒತ್ತಾಗಿ ಕಂಡವು. ಉಳಿದವು ಕಣಿವೆ ತುಂಬ ಚದುರಿದ ಸಣ್ಣ ನೆಲೆಗಳು. ಇದರಿಂದ ಅವರು ಒಂದು ಊಹೆ ಕಟ್ಟಿದರು. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಜನ, ಪ್ರಾಣಿ ಎಲ್ಲ ಸೆಲೆಗಳ ಹತ್ತಿರ ಸೇರುತ್ತಿದ್ದರು, ಆಗ ದೊಡ್ಡ ಬೇಟೆ ಜಾಸ್ತಿ. ಮಳೆಗಾಲದಲ್ಲಿ ಎಲ್ಲೆಡೆ ನೀರು, ಎಲ್ಲೆಡೆ ಹಸಿರು, ಆಗ ಸಣ್ಣ ಸಣ್ಣ ಗುಂಪಾಗಿ ಚದುರಿ ಸೊಪ್ಪು, ಹಣ್ಣು, ಗೆಡ್ಡೆ, ಸಣ್ಣ ಪ್ರಾಣಿಗಳ ಮೇಲೆ ಬದುಕುತ್ತಿದ್ದರು. ಇಲ್ಲಿನ ಹಳ್ಳಿಯವರು ಕಾಡಿನಿಂದ, ಬದುವಿನಿಂದ ಏನೇನು ತಂದು ತಿನ್ನುತ್ತಾರೆ ಅಂತಲೂ ಅವರು ವಿಚಾರಿಸಿಕೊಂಡಿದ್ದರು. ಬಾರಿ ಹಣ್ಣು, ಕವಳಿ ಹಣ್ಣು, ಹತ್ತರಕಿ, ಕಿರಕಸಾಲಿ ಅಂತ ನಮ್ಮ ಅವ್ವಂದಿರು ಸುಮ್ನೆ ಹೇಳಿಬಿಡುವ ಪಟ್ಟಿಯಲ್ಲೂ ಒಬ್ಬ ಸಂಶೋಧಕನಿಗೆ ಕೆಲಸ ಇದೆ ಅಂತ ನನಗೆ ತಿಳಿದದ್ದು ಆಗಲೇ.

ಈ ಊಹೆ ಸರಿಯೋ ತಪ್ಪೋ ಅಂತ ವಾದ ಮಾಡಬಹುದು. ನನಗೂ ಒಂದು ಅನುಮಾನ ಇದೆ: ಕಾಡುದನವನ್ನು ಅವರೇ ಹೊಡೆದರೋ, ಬೇರೆ ಪ್ರಾಣಿ ತಿಂದು ಬಿಟ್ಟದ್ದನ್ನು ಕಿತ್ತುಕೊಂಡರೋ, ಹಲ್ಲು ನೋಡಿ ಹೇಳೋಕೆ ಆಗೋದಿಲ್ಲ. ಆದರೆ ವಾದ ಮಾಡೋಕೆ ಬೇಕಾದ ಸಾಮಗ್ರಿ ಅಂದರೆ ಆ ನಕ್ಷೆ. ಯಾವ ಕಲ್ಲು ಯಾವ ಹೊಲದಲ್ಲಿ, ಸೆಲೆಯಿಂದ ಎಷ್ಟು ದೂರ, ಯಾವ ಮಣ್ಣಿನ ಪದರಿನಲ್ಲಿ. ಮಳೆ ನೀರು, ಹಳ್ಳದ ಹರಿವು, ದನದ ಕಾಲು ಇವೆಲ್ಲ ಕಲ್ಲನ್ನು ಎಷ್ಟು ದೂರ ಸರಿಸಿರಬಹುದು ಅನ್ನೋದನ್ನೇ ರಿಚಾ ಝಲ್ದಿಯಾಲ್ ಬೇರೆಯಾಗಿ ಅಧ್ಯಯನ ಮಾಡಿದರು. ನೀರು ಒಂದಿಷ್ಟು ಸರಿಸಿದ್ದನ್ನು ಲೆಕ್ಕ ಹಾಕಬಹುದು. ಟಿಪ್ಪರ್ ಹತ್ತಿಸಿ ಇನ್ನೊಂದು ಊರಿನ ರಸ್ತೆಗೆ ಸುರಿದದ್ದನ್ನು ಯಾವ ವಿಜ್ಞಾನಿಯೂ ಲೆಕ್ಕ ಹಾಕಲಾರ.

ಒಂದು ಶಾಲೆಯಲ್ಲಿ ನೋಡಿದ್ದನ್ನು ಇಲ್ಲಿ ಹೇಳಬೇಕು. ಶಾಲೆಯ ಹೆಸರು ಬೇಡ. ಅಲ್ಲಿನ ಬೀರುವಿನಲ್ಲಿ ಸಿಮೆಂಟ್ ಚೀಲದ ತುಂಬ ಕಲ್ಲುಗಳಿದ್ದವು. ಬಹಳ ವರ್ಷದ ಹಿಂದೆ ಯಾರೋ ಆಸಕ್ತಿಯಿಂದ ಮಕ್ಕಳ ಕೈಯಲ್ಲಿ ಆಯಿಸಿದ್ದು. ಒಂದನ್ನು ಎತ್ತಿ ನೋಡಿದೆ. ಅಂಗೈಗಿಂತ ದೊಡ್ಡದು, ಒಂದು ತುದಿ ಮೊನೆ, ಇನ್ನೊಂದು ತುದಿ ದುಂಡು, ಎರಡೂ ಮೈಮೇಲೆ ಚಕ್ಕೆ ಎಬ್ಬಿಸಿದ ಹಳ್ಳಗಳು. ಮೈಯೆಲ್ಲ ಬಿಳಿಚಿಕೊಂಡು, ಅಂಚು ಸವೆದಿತ್ತು. ಒಳ್ಳೆಯ ಕೈಗೊಡಲಿ. ಎಲ್ಲಿಂದ ತಂದಿರಿ ಅಂದರೆ ಯಾರಿಗೂ ಗೊತ್ತಿಲ್ಲ. ಯಾವ ಊರು, ಯಾರ ಹೊಲ, ಮೇಲೇ ಬಿದ್ದಿತ್ತೋ ಬಾವಿ ತೋಡುವಾಗ ಸಿಕ್ಕಿತೋ, ಒಂದೂ ಬರೆದಿಟ್ಟಿಲ್ಲ. ಚೀಲದಲ್ಲಿ ಅಂಥವು ಎಷ್ಟೋ ಇದ್ದವು. ಪ್ರದರ್ಶನಕ್ಕೆ ಇಡಬಹುದು, ಮಕ್ಕಳ ಕೈಗೆ ಕೊಟ್ಟು ತೋರಿಸಬಹುದು. ಆದರೆ ಆ ಜನ ಹೇಗೆ ಬದುಕಿದರು ಅನ್ನೋ ಪ್ರಶ್ನೆಗೆ ಆ ಚೀಲ ಇನ್ನು ಉತ್ತರ ಕೊಡೋದಿಲ್ಲ. ಪ್ರೀತಿಯಿಂದಲೇ ಆದ ನಷ್ಟ ಇದು.

ಇನ್ನೊಂದು ಕಾರಣ ಮಣ್ಣು. ಈಗಿನ ಕಾಲ ನಿರ್ಣಯದ ವಿಧಾನಗಳಿಗೆ ಕಲ್ಲಿಗಿಂತ ಅದರ ಸುತ್ತಲಿನ ಮಣ್ಣೇ ಮುಖ್ಯ. ಮರಳಿನ ಕಣ ಮಣ್ಣಿನ ಅಡಿ ಸೇರಿ ಕತ್ತಲಾದ ಮೇಲೆ ಅದರೊಳಗೆ ಸುತ್ತಲಿನ ವಿಕಿರಣದ ಪ್ರಭಾವ ನಿಧಾನಕ್ಕೆ ಕೂಡುತ್ತಾ ಹೋಗುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಅಳೆದರೆ ಆ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಗೊತ್ತಾಗುತ್ತದೆ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ಹೀಗೇ ಮಾಡಿ, ಅಲ್ಲಿ ಮಧ್ಯ ಹಳೆ ಶಿಲಾಯುಗದ, ಅಂದರೆ ಕೈಗೊಡಲಿಯ ಕಾಲದ ನಂತರದ ಉಪಕರಣಗಳು ಸುಮಾರು 3.85 ಲಕ್ಷ ವರ್ಷದ ಹಿಂದೆಯೇ ಶುರುವಾದವು ಅಂತ 2018ರಲ್ಲಿ ತೋರಿಸಿದರು. ಅದೇ ಜಾಗದ ಇನ್ನೂ ಹಳೆಯ ಪದರುಗಳಿಗೆ ಬೇರೆ ವಿಧಾನಗಳಿಂದ ಸುಮಾರು 15 ಲಕ್ಷ ವರ್ಷ ಅಂತ 2011ರಲ್ಲೇ ಹೇಳಿದ್ದರು. ಆ ನೆಲೆಯನ್ನು ಮೊದಲು ಕಂಡವರು ಬ್ರೂಸ್ ಫೂಟ್, 1863ರಲ್ಲಿ. ಅಂದರೆ ಸುಮಾರು ನೂರೈವತ್ತು ವರ್ಷ ಆದಮೇಲೂ ಕೇಳೋಕೆ ಹೊಸ ಪ್ರಶ್ನೆ ಇತ್ತು, ಉತ್ತರ ಕೊಡೋಕೆ ಅಲುಗದ ಮಣ್ಣು ಇತ್ತು. ನಮ್ಮಲ್ಲಿ ಜೆಸಿಬಿ ಬಕೆಟ್ ಒಂದು ಸಲ ಮಣ್ಣನ್ನು ತಿರುವಿ ಬಿಸಿಲಿಗೆ ಹರಡಿದರೆ ಆ ಲೆಕ್ಕ ಅಳಿಸಿಹೋಯಿತು ಅಂತಲೇ. ಇಸಾಂಪುರದ 12 ಲಕ್ಷವನ್ನು ಇನ್ನೊಂದು ವಿಧಾನದಿಂದ ಪರೀಕ್ಷಿಸಬೇಕು ಅಂತ ನಾಳೆ ಯಾರಾದರೂ ಬಂದರೆ ಅವರಿಗೆ ಕೊಡೋಕೆ ಮಣ್ಣು ಉಳಿದಿರಬೇಕಲ್ಲವಾ?

ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಆದದ್ದೂ ನೆನಪಿರಲಿ. ಸುಮಾರು 74,000 ವರ್ಷದ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದಾಗ ಹಾರಿ ಬಂದ ಬೂದಿ ಅಲ್ಲಿ ದಪ್ಪ ಪದರಾಗಿ ಕೂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣ ಕಂಡು, ಅಂಥ ದೊಡ್ಡ ಸ್ಫೋಟದ ನಂತರವೂ ಬೇಟೆಗಾರ ಜನ ಇಲ್ಲಿ ಬದುಕು ಮುಂದುವರಿಸಿದರು ಅಂತ 2007ರಲ್ಲಿ ವಾದ ಮಂಡಿಸಿತು. ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿ ಆಯಿತು. ಆದರೆ ಆ ಬೂದಿಯನ್ನು ತೊಳೆಯುವ ಪುಡಿಗೆ ಅಂತ ಅಗೆದು ಲೋಡುಗಟ್ಟಲೆ ಸಾಗಿಸುವ ವ್ಯಾಪಾರವೂ ನಡೆದಿತ್ತು. ಅಗೆದವರದ್ದು ಹೊಟ್ಟೆಪಾಡು, ಅವರನ್ನು ಬೈದು ಏನೂ ಪ್ರಯೋಜನ ಇಲ್ಲ.

ಹಾಗಾದರೆ ಏನು ಮಾಡಬೇಕು? ಇಡೀ ಕಣಿವೆಯನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿ ಅಂತ ಕೇಳುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಕೇಂದ್ರದ ಸ್ಮಾರಕ ಕಾಯ್ದೆ ಪ್ರಕಾರ ಸಂರಕ್ಷಿತ ಜಾಗದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಗುಡಿ, ಕೋಟೆಗೆ ಇದು ಸರಿ. ಹೊಲಗಳ ತುಂಬ ಚದುರಿರುವ ಸುಮಾರು 200 ನೆಲೆಗಳಿಗೆ ಇದೇ ನಿಯಮ ಹಾಕಿದರೆ ರೈತ ಏನು ಮಾಡುತ್ತಾನೆ? ತನ್ನ ಹೊಲದಲ್ಲಿ ಕಲ್ಲು ಇದೆ ಅಂತ ಗೊತ್ತಾದ ರಾತ್ರಿಯೇ ಟ್ರ್ಯಾಕ್ಟರಿಗೆ ತುಂಬಿ ಹಳ್ಳಕ್ಕೆ ಸುರಿದು ಬರುತ್ತಾನೆ. ನನ್ನ ಹೊಲ ಆಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ.

ಬದುವಿನ ಮೇಲೆ ಕಲ್ಲು ಒಟ್ಟಿದ್ದ ಒಬ್ಬ ಹಿರಿಯರನ್ನು ಮಾತಾಡಿಸಿದ್ದೆ. "ಇದರಾಗ ಏನೈತ್ರಿ ಸರ? ಎತ್ತಿನ ಕಾಲಿಗೆ ಚುಚ್ಚತಾವು ಅಂತ ಆರಿಸಿ ಒಗದೀವಿ" ಅಂದರು. ಆ ರಾಶಿಯಲ್ಲೇ ಮೂರ್ನಾಲ್ಕು ಉಪಕರಣ ಇದ್ದವು. ಎತ್ತಿ ತೋರಿಸಿದೆ. ಸ್ವಲ್ಪ ಹೊತ್ತು ತಿರುವಿ ನೋಡಿ, "ಹೌದಲ್ಲ, ಯಾರೋ ಬೇಕಂತ ಹೊಡದಾರ ಇದನ್ನ" ಅಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಹೊಲ ಕಸಗೊಂತಾರೇನ್ರಿ?" ಆ ಪ್ರಶ್ನೆಗೆ ಜಿಲ್ಲಾಡಳಿತವೇ ಬಾಯಿಬಿಟ್ಟು ಉತ್ತರ ಕೊಡಬೇಕು. ನನ್ನಂಥವನ ಮಾತು ಅವರಿಗೆ ಸಾಲದು.

ಆದ್ದರಿಂದ ನನ್ನ ಮನವಿ ಸಣ್ಣದು, ಖರ್ಚೂ ಕಮ್ಮಿ. ಸಂಶೋಧಕರು ಈಗಾಗಲೇ ಪ್ರಕಟಿಸಿರುವ ನೆಲೆಗಳನ್ನು ರಾಜ್ಯ ಪುರಾತತ್ವ ಇಲಾಖೆಯವರ ನೆರವಿನಿಂದ ಸರ್ವೆ ನಂಬರಿಗೆ ಹೊಂದಿಸಿ ಒಂದು ಪಟ್ಟಿ ಮಾಡಿಸಿ. ಆ ಪಟ್ಟಿ ತಹಶೀಲ್ದಾರರ ಕಚೇರಿಯಲ್ಲಿ, ಪ್ರತಿ ಪಿಡಿಒ ಹತ್ತಿರ, ನೀರಾವರಿ ಮತ್ತು ಲೋಕೋಪಯೋಗಿ ಎಂಜಿನಿಯರುಗಳ ಹತ್ತಿರ ಇರಲಿ. ಉದ್ಯೋಗ ಖಾತ್ರಿಯ ಹೊಂಡವೋ, ಗರಸಿನ ಗುಂಡಿಯೋ ಆ ನಂಬರಿನಲ್ಲಿ ಬಂದರೆ ಜಾಗವನ್ನು ಐವತ್ತು ನೂರು ಹೆಜ್ಜೆ ಆಚೆ ಸರಿಸೋಕೆ ಬಹುತೇಕ ಸಲ ಅಡ್ಡಿ ಇರೋದಿಲ್ಲ. ಸರಿಸೋಕೆ ಆಗದಿದ್ದರೆ ಮೊದಲು ಒಂದು ದಿನದ ನಡಿಗೆ, ಫೋಟೊ, ಅಳತೆ. ಕಲಬುರಗಿ, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ, ಪುರಾತತ್ವ ಓದುವ ಹುಡುಗ ಹುಡುಗಿಯರಿಗೆ ಬಸ್ ಚಾರ್ಜು, ಊಟ ಕೊಟ್ಟರೆ ಖುಷಿಯಿಂದ ಬರುತ್ತಾರೆ. ಹೊಲದಲ್ಲಿ ಕಲ್ಲು ಸಿಕ್ಕಿದೆ ಅಂತ ತಾವಾಗೇ ಬಂದು ಹೇಳುವ ರೈತರಿಗೆ ಆ ದಿನದ ಕೂಲಿಯನ್ನಾದರೂ ಕೊಡಿ. ಸನ್ಮಾನ, ಶಾಲು ಬೇಡ.

ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲಿ ಒಂದು ಒಳ್ಳೆಯ ಪ್ರಾಗಿತಿಹಾಸ ಮ್ಯೂಸಿಯಂ ಆಗಿದೆ. ನಮಗೂ ಅಂಥದ್ದು ಬೇಕು ಅಂತ ಕೇಳೋ ಆಸೆ ಇದೆ. ಆದರೆ ಕಟ್ಟಡ ಕಟ್ಟೋಕೆ ವರ್ಷಗಟ್ಟಲೆ ಬೇಕು, ಹೊಲ ಸಮ ಮಾಡೋಕೆ ಎರಡು ದಿನ ಸಾಕು. ಮೊದಲು ಪಟ್ಟಿ ಆಗಲಿ.

ಫೋನ್ ಹಿಡಿದು ಗುಡ್ಡ ಸುತ್ತುವ ನಮ್ಮ ಹುಡುಗರಿಗೂ ಒಂದು ಮಾತು. ಕಲ್ಲು ಕಂಡರೆ ಫೋಟೊ ತೆಗೆಯಿರಿ, ಲೊಕೇಶನ್ ಆನ್ ಇರಲಿ, ಅಳತೆಗೆ ಪಕ್ಕದಲ್ಲಿ ಒಂದು ಪೆನ್ನು ಇಡಿ. ಕಲ್ಲನ್ನು ಅಲ್ಲೇ ಬಿಡಿ. ಮಾರುವ ಯೋಚನೆಯಂತೂ ಬೇಡ. 1972ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಪುರಾವಸ್ತು ವ್ಯಾಪಾರ ಮಾಡಿದರೆ ಅಪರಾಧ. ಇನ್ನು ರೀಲ್ಸ್ ಮಾಡುವಾಗ ಆ ಜನರನ್ನು ಸೊಪ್ಪು ಸುತ್ತಿಕೊಂಡು ಕುಣಿಯುವ ಪೆದ್ದರ ಹಾಗೆ ತೋರಿಸಬೇಡಿ. ಬಂಡೆಯ ಯಾವ ಪದರು ಬಿರಿಯುತ್ತದೆ, ಯಾವ ಗುಂಡಿನಿಂದ ಎಲ್ಲಿ ಹೊಡೆದರೆ ಚಕ್ಕೆ ಏಳುತ್ತದೆ ಅಂತ ತಿಳಿದವರು ಅವರು. ಒಂದು ಸಲ ನೀವೇ ಹೊಡೆದು ನೋಡಿ, ಬೆರಳು ಜಜ್ಜಿಕೊಳ್ಳುವುದೇ ಜಾಸ್ತಿ. ಇವತ್ತು ನಮ್ಮ ನಡುವೆ ಇರುವ ಬೇಡ ಸಮುದಾಯವನ್ನೋ, ಕಾಡಿನ ಅಂಚಿನ ಜನರನ್ನೋ ಅವರ ಜೊತೆ ಸಮ ಮಾಡಿ 'ಆದಿಮಾನವ' ಅಂತ ಹೇಳುವುದನ್ನೂ ಬಿಡಿ. ಸುರಪುರದಲ್ಲಿ ಸಂಸ್ಥಾನ ಕಟ್ಟಿ ಆಳಿದ ಜನರ ಬಗ್ಗೆ ಅಂಥ ಮಾತು ಆಡೋದು ಅಜ್ಞಾನ.

ಮಾನ್ಯರೇ, ಗ್ರಾಮ ಪಂಚಾಯಿತಿಗಳ ಕ್ರಿಯಾಯೋಜನೆಗೆ ಮಂಜೂರಾತಿ ಕೊಡುವ ಕೆಲಸ ತಮ್ಮ ಕಚೇರಿಗಳಲ್ಲೇ ಆಗುತ್ತದೆ. ಮುಂದಿನ ಬೇಸಿಗೆಯಲ್ಲಿ ಕಾಲುವೆ ನೀರು ನಿಲ್ಲುವ ಮೊದಲು ಈ ಪಟ್ಟಿಯನ್ನು ಆ ಯೋಜನೆಗಳ ಪಕ್ಕ ಇಟ್ಟು ಒಮ್ಮೆ ನೋಡಬೇಕು, ಹೊಲ ಯಾರದ್ದೂ ಹೋಗುವುದಿಲ್ಲ ಅಂತ ಗ್ರಾಮಸಭೆಗಳಲ್ಲಿ ಹೇಳಿಸಬೇಕು ಅಂತ ಕೋರುತ್ತೇನೆ. ನಡಿಗೆಗೆ ಜೊತೆ ಬೇಕಾದರೆ ರಜೆಯ ದಿನ ನಾನೂ ಬರುತ್ತೇನೆ, ಹೈಸ್ಕೂಲಿನ ಮಕ್ಕಳನ್ನೂ ಕರೆತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹುಣಸಗಿ ತಾಲ್ಲೂಕಿನ ಒಬ್ಬ ಸಮಾಜ ವಿಜ್ಞಾನ ಶಿಕ್ಷಕ